ಹಿಮ್ಮಡಿಗೆ ಮುಲಾಮು, ತುರಿಕೆಗೆ ಗರಿಕೆ ಎಣ್ಣೆ: ಈ ಸಲ ತೂಕ ಹಾಕಿ ಮಾಡಿದ್ದು

ಕಾಫಿ ಕುಯ್ಲು ಶುರುವಾಯಿತೆಂದರೆ ಸಕಲೇಶಪುರದ ಕಡೆ ಹಿಮ್ಮಡಿ ಒಡೆಯದ ಕಾಲನ್ನು ಹುಡುಕಬೇಕು. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದ ಹುಲ್ಲು. ಹತ್ತು ಗಂಟೆ ಮೇಲೆ ಒಣ ಗಾಳಿ. ಕಣದಲ್ಲಿ ಕಾಫಿ ಹರಡುವಾಗ ಬಿಸಿ ಸಿಮೆಂಟಿನ ಮೇಲೆ ಬರಿಗಾಲು. ಚರ್ಮ ತಾನೇ ಏನು ಮಾಡೀತು? ಮಳೆಗಾಲದಲ್ಲಿ ಇದೇ ಕಾಲಿಗೆ ಬೇರೆ ಕಷ್ಟ. ಗದ್ದೆಗೆ ಇಳಿದವರಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣು, ತೋಟಕ್ಕೆ ಹೋದವರಿಗೆ ಇಂಬಳ ಕಚ್ಚಿದ ಜಾಗದಲ್ಲಿ ತುರಿಕೆ. ಹಾಗಾಗಿ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಮದ್ದು ತಯಾರಾಗುತ್ತವೆ. ಚಳಿಗೆ ಗಟ್ಟಿ ಮುಲಾಮು, ಮಳೆಗೆ ಗರಿಕೆ ಎಣ್ಣೆ. ಇದುವರೆಗೆ ಅತ್ತೆ ಹೇಳಿದ "ಒಂದು ಹಿಡಿ", "ಒಂದು ಬೊಗಸೆ" ಲೆಕ್ಕದಲ್ಲೇ ನಡೆಯುತ್ತಿತ್ತು. ಅವರ ಹಿಡಿಯೇ ಬೇರೆ, ನನ್ನ ಹಿಡಿಯೇ ಬೇರೆ. ಈ ಸಲ ತಕ್ಕಡಿ ಇಟ್ಟುಕೊಂಡು, ಗ್ರಾಂ ಬರೆದುಕೊಂಡು ಮಾಡಿದೆ.

ಶುರು ಮಾಡುವ ಮೊದಲು ಒಂದು ಮಾತು. ಮನೆಮದ್ದು ಅಂದ ಕೂಡಲೇ ಯಾವ ಸೊಪ್ಪು ಹಾಕಿದಿರಿ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕೇಳಿಕೆ ಬೇರೆ. ಒಳಗೆ ನೀರು ಉಳಿದಿದೆಯಾ? ನೀರಿದ್ದಲ್ಲಿ ಬೂಷ್ಟು ಬರುತ್ತದೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬೂಷ್ಟಿಗಿಂತ ಮೊದಲೇ ಬಂದಿರುತ್ತವೆ. ಒಡೆದ ಚರ್ಮಕ್ಕೆ ಅಂಥದ್ದನ್ನು ಹಚ್ಚುವುದಕ್ಕಿಂತ ಸುಮ್ನೆ ಬಿಡುವುದೇ ಮೇಲು. ಬರೀ ಎಣ್ಣೆ, ಮೇಣ, ಗಟ್ಟಿ ಜಿಡ್ಡು ಇದ್ದರೆ ಅವು ಬೆಳೆಯುವುದಿಲ್ಲ. ಅಂಗಡಿಯ ಕ್ರೀಮಿನಲ್ಲಿ ಎಣ್ಣೆಯ ಜೊತೆ ನೀರೂ ಇರುತ್ತದೆ. ಅದು ಕೆಡದಿರಲಿ ಅಂತ ಪ್ರಿಸರ್ವೇಟಿವ್ ಹಾಕಿರುತ್ತಾರೆ. ಅದನ್ನು ಬೈಯುವವರು ಬೈಯಲಿ, ನನಗೇನೂ ತಕರಾರಿಲ್ಲ. ಆದರೆ ಅಡುಗೆಮನೆಯಲ್ಲಿ ಆ ಕೆಲಸ ಸರಿಯಾಗಿ ಆಗುವುದಿಲ್ಲ. ಅದಕ್ಕೇ ನಾನು ಕ್ರೀಮಿಗೆ ಕೈ ಹಾಕುವುದಿಲ್ಲ. ಮುಲಾಮು, ಎಣ್ಣೆ, ಇಷ್ಟೇ.

ಸಾಮಾನು

ಕೊಬ್ಬರಿ ಎಣ್ಣೆ ತವರಿನಿಂದ ಬರುತ್ತದೆ. ನನ್ನದು ಅರಸೀಕೆರೆ ಕಡೆ. ಅಲ್ಲಿ ತೆಂಗಿಗೆ ಬರವಿಲ್ಲ, ಗಾಣಕ್ಕೆ ಕೊಬ್ಬರಿ ಕೊಟ್ಟು ಎಣ್ಣೆ ಆಡಿಸಿಕೊಂಡು ಬರುತ್ತಾರೆ. ಬೇವಿನ ಸೊಪ್ಪೂ ಅಲ್ಲಿಂದಲೇ. ಹಾಸನ ಒಂದೇ ಜಿಲ್ಲೆ ಅಂತ ಹೆಸರಿಗೆ, ಪೂರ್ವಕ್ಕೆ ಬಯಲುಸೀಮೆ, ಪಶ್ಚಿಮಕ್ಕೆ ಘಟ್ಟ. ಬೇವು ಒಣ ನೆಲದ ಮರ. ಇಲ್ಲಿಯ ಮಳೆಗೆ ಅದು ಏಳಿಗೆ ಆಗುವುದಿಲ್ಲ. ಅಮ್ಮ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಹಳೇ ದಿಂಬಿನ ಚೀಲದಲ್ಲಿ ತುಂಬಿ ಬಸ್ಸಿಗೆ ಹಾಕಿಬಿಡುತ್ತಾಳೆ.

ಎಳ್ಳೆಣ್ಣೆ ಸ್ವಲ್ಪ ಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ಬಾಟಲಿ ಬಗ್ಗಿಸಿದರೆ ಒಂದು ಹನಿ ಬರುವುದಿಲ್ಲ. ಬರೀ ಅದರಲ್ಲೇ ಮುಲಾಮು ಮಾಡಿದರೆ ಚಳಿಗೆ ಕಲ್ಲಾಗುತ್ತದೆ. ಎಳ್ಳೆಣ್ಣೆ ಆ ಚಳಿಗೂ ಹರಿಯುತ್ತದೆ, ಮುಲಾಮನ್ನು ಮೆದುವಾಗಿ ಇಡುತ್ತದೆ.

ಮುರುಗಲು ತುಪ್ಪ ಘಟ್ಟದ ಕೆಳಗಿನ ನೆಂಟರು ಕೊಟ್ಟದ್ದು. ಹಣ್ಣಿನ ಸಿಪ್ಪೆ ಸಾರಿಗೆ ಹೋದ ಮೇಲೆ ಬೀಜ ಒಣಗಿಸಿ, ಒಡೆದು, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಎತ್ತಿ ಉಂಡೆ ಕಟ್ಟುತ್ತಾರೆ. ಬಿಳಿ, ಗಟ್ಟಿ, ಹೆಚ್ಚು ವಾಸನೆಯಿಲ್ಲ. ಕೈಯಲ್ಲಿ ಹಿಡಿದರೆ ಬೇಗ ಕರಗುವುದಿಲ್ಲ, ಚರ್ಮದ ಮೇಲೆ ಉಜ್ಜುತ್ತಾ ಹೋದರೆ ಮೈಶಾಖಕ್ಕೆ ನಿಧಾನವಾಗಿ ಇಳಿಯುತ್ತದೆ. ಹಿಮ್ಮಡಿಗೆ ಇದನ್ನೊಂದೇ ಹಚ್ಚಿ ಮಲಗುವವರೂ ಇದ್ದಾರೆ. ನನ್ನ ಕೇಳಿದರೆ ಇಡೀ ಮುಲಾಮಿನಲ್ಲಿ ನಿಜವಾದ ಕೆಲಸಗಾರ ಇದೇ. ಉಳಿದವು ಜೊತೆಗಾರರು.

ಅರಿಶಿನ ಕೊಂಬನ್ನೇ ತಂದು ಮನೆಯಲ್ಲಿ ಪುಡಿ ಮಾಡಿಕೊಳ್ಳಿ. ಬಣ್ಣ ಬೆರೆಸಿದ ಪುಡಿ ಮಾರುಕಟ್ಟೆಯಲ್ಲಿ ಇರುತ್ತದೆ. ಕೊಂಬಿಗೂ ಮೇಲ್ಮೈ ಬಣ್ಣ ಬಳಿಯುವುದುಂಟು, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ. ಹಾಸನಕ್ಕೆ ಹೋದಾಗ ಕಟ್ಟಿನಕೆರೆ ಮಾರುಕಟ್ಟೆ ಸುತ್ತಿ ಬರುವಾಗಲೇ ಗ್ರಂಧಿಗೆ ಅಂಗಡಿಯಲ್ಲಿ ಕೊಂಬು, ಜ್ಯೇಷ್ಠಮಧು ಎರಡೂ ತಂದೆ.

ಮೇಣ ಶುದ್ಧಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ. ತೋಟದ ಪೆಟ್ಟಿಗೆಗಳ ತುಡುವೆ ಜೇನಿನ ಹಳೇ ಎರಿಗಳನ್ನು ಒಂದು ಡಬ್ಬದಲ್ಲಿ ಕೂಡಿಟ್ಟಿದ್ದೆವು. ಕಪ್ಪಗೆ, ಒಳಗೆ ಮರಿಹುಳುವಿನ ಪೊರೆ, ಪರಾಗ, ಅಲ್ಲಲ್ಲಿ ಮೇಣದ ಹುಳುವಿನ ಬಲೆ. ನೋಡಿದರೆ ಇದರಿಂದ ಏನು ಬಂದೀತು ಅನ್ನಿಸುತ್ತದೆ.

ಎರಿಗಳನ್ನು ಪುಡಿ ಮಾಡಿ ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಬೇಕು. ಪೊರೆ ನೀರು ಕುಡಿದುಬಿಟ್ಟರೆ ಆಮೇಲೆ ಮೇಣವನ್ನು ಹೀರುವುದಿಲ್ಲ. ಬೆಳಿಗ್ಗೆ ಆ ಕೆಂಪು ನೀರು ಚೆಲ್ಲಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ಬಿಸಿನೀರಲ್ಲಿ ಮುಳುಗಿಸಿದೆ. ಕಬ್ಬಿಣದ ಪಾತ್ರೆ ಬೇಡ, ಮೇಣದ ಬಣ್ಣ ಕೆಡುತ್ತದೆ. ನೀರು ಕುದಿಯಲೂ ಬಾರದು. ಮೇಣ 62ರಿಂದ 65 ಡಿಗ್ರಿಗೆ ಕರಗುತ್ತದೆ, ಕುದಿತ ಅದಕ್ಕೆ ಬೇಕಿಲ್ಲ. ಕುದಿಸಿದರೆ ನೀರು ಮೇಣದೊಳಗೆ ಸೇರಿ ಪುಸುಪುಸು ಆಗುತ್ತದೆ. ಗಂಟನ್ನು ಸೌಟಿನಿಂದ ಒತ್ತಿ ಒತ್ತಿ ಹಿಂಡಿದರೆ ಹಳದಿ ಮೇಣ ಬಟ್ಟೆಯಿಂದ ಜಿನುಗಿ ಮೇಲೆ ತೇಲುತ್ತದೆ. ಒಲೆ ಆರಿಸಿ, ಪಾತ್ರೆಗೆ ಗೋಣಿ ಸುತ್ತಿ ಹಾಗೇ ಬಿಟ್ಟೆ. ನಿಧಾನವಾಗಿ ಆರಿದಷ್ಟೂ ಕೊಳೆ ಚೆನ್ನಾಗಿ ಕೆಳಗೆ ಇಳಿಯುತ್ತದೆ.

ಮಾರನೇ ದಿನ ಮೇಲೆ ಒಂದು ಬಿಲ್ಲೆ ಕೂತಿತ್ತು. ಅದರ ಅಡಿಯಲ್ಲಿ ಬೂದುಬಣ್ಣದ ಗಸಿ. ಚಾಕುವಿನಿಂದ ಗಸಿ ಕೆರೆದು, ಬಿಲ್ಲೆಯನ್ನು ಮತ್ತೆ ಹೊಸ ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿದೆ. ಎರಡನೇ ಸಲಕ್ಕೆ ಬಣ್ಣ ತಿಳಿಯಾಯಿತು. ಡಬ್ಬ ತುಂಬ ಎರಿಯಿಂದ ಸಿಕ್ಕಿದ್ದು ಅಂಗೈಯಗಲದ ತುಂಡು. ಹಳೇ ಎರಿಯಲ್ಲಿ ಮೇಣಕ್ಕಿಂತ ಪೊರೆಯೇ ಜಾಸ್ತಿ, ಅದೇ ಅದರ ಹಣೆಬರಹ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ, ಜೇನಿನ ಮರಿಹುಳು ಕೊಲ್ಲುವ ವೈರಸ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳು ಗುಂಪುಗುಂಪಾಗಿ ಸತ್ತಿದ್ದವು. ಆ ಕಾಲ ನೋಡಿದ ಅತ್ತೆ ಈಗಲೂ ಒಂದು ಚೂರು ಮೇಣ ಬಿಸಾಡಲು ಬಿಡುವುದಿಲ್ಲ.

ಒಂದು ಎಚ್ಚರಿಕೆ. ಬರೀ ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ. ಹೆಚ್ಚು ಕಾದರೆ ಹೊತ್ತಿಕೊಳ್ಳುತ್ತದೆ. ಹೊತ್ತಿದರೆ ನೀರು ಸುರಿಯಲೇಬಾರದು. ಒಲೆ ಆರಿಸಿ ಮುಚ್ಚಳ ಮುಚ್ಚಿ.

ಎಣ್ಣೆಗೆ ಸೊಪ್ಪಿನ ಸಾರ ಇಳಿಸಿದ್ದು

ಇದಕ್ಕೆ ಬಿಸಿಲಿನ ದಾರಿ ಒಂದಿದೆ. ಎಣ್ಣೆಯಲ್ಲಿ ಸೊಪ್ಪು ಮುಳುಗಿಸಿ, ಗಾಜಿನ ಬಾಟಲಿಯನ್ನು ಕಿಟಕಿಯಲ್ಲಿ ವಾರಗಟ್ಟಲೆ ಇಡುವುದು. ಅರಸೀಕೆರೆಯಲ್ಲಿ ನಡೆಯಬಹುದು. ಇಲ್ಲಿ ಬಿಸಿಲನ್ನು ನಂಬುವ ಹಾಗಿಲ್ಲ. ಜೊತೆಗೆ ಅರಿಶಿನದ ಹಳದಿಗೆ ಬೆಳಕು ಆಗುವುದಿಲ್ಲ, ಬಿಸಿಲಲ್ಲಿ ಅದು ಮಾಸುತ್ತದೆ. ನಾನು ಹಿಡಿದದ್ದು ನೀರಿನ ಪಾತ್ರೆಯೊಳಗೆ ಪಾತ್ರೆ ಇಡುವ ದಾರಿ.

ಕೊಬ್ಬರಿ ಎಣ್ಣೆ 130 ಗ್ರಾಂ, ಎಳ್ಳೆಣ್ಣೆ 60 ಗ್ರಾಂ, ಕೈಯಲ್ಲಿ ಹಿಸುಕಿದ ಒಣ ಬೇವಿನೆಲೆ 15 ಗ್ರಾಂ, ಅರಿಶಿನ ಪುಡಿ 5 ಗ್ರಾಂ. ಎಲೆ ಒಣಗಿದೆಯಾ ಅಂತ ನೋಡುವುದು ಸುಲಭ. ಹಿಸುಕಿದರೆ ಪುಡಿಯಾಗಬೇಕು, ಬಾಗಬಾರದು. ಬಾಗಿದರೆ ಒಳಗೆ ಇನ್ನೂ ನೀರಿದೆ. ಹೊರಪಾತ್ರೆಯ ನೀರು ಸಣ್ಣಗೆ ಹೊಗೆಯಾಡುವಷ್ಟು ಬಿಸಿ ಇದ್ದರೆ ಸಾಕು. ಎರಡು ಗಂಟೆ ಹಾಗೇ ಇಟ್ಟು ಆಗಾಗ ಕೈಯಾಡಿಸಿದೆ. ಒಳಗೆ ಹಬೆ ನೀರಾಗಿ ಬೀಳದಂತೆ ಪಾತ್ರೆಯನ್ನು ಮುಚ್ಚದೆ ಬಿಟ್ಟೆ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಚೆನ್ನಾಗಿ ಬಿಡುತ್ತದೆ. ಗಂಟೆಯೊಳಗೆ ಎಣ್ಣೆ ಕೆಂಪು ಹಳದಿಗೆ ತಿರುಗಿತ್ತು.

5 ಗ್ರಾಂ ಕಡಿಮೆಯಾಯಿತು ಅಂತ ಅತ್ತೆಗೆ ಅನ್ನಿಸಿತು. "ಇಷ್ಟಕ್ಕೆ ಏನು ಬರುತ್ತೆ ಕಣೇ?" ಅಂದರು. "ಜಾಸ್ತಿ ಹಾಕಿದರೆ ಹಾಸಿಗೆ ಎಲ್ಲ ಹಳದಿ ಆಗುತ್ತೆ ಅತ್ತೆ, ಒಗೆಯೋಳು ನಾನು" ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಸೋಸಲು ಹಳೇ ಪಂಚೆಯ ತೆಳು ತುಂಡು. ತಾನಾಗಿ ಇಳಿದಷ್ಟು ಎಣ್ಣೆ ಬೇರೆ, ಹಿಂಡಿ ತೆಗೆದದ್ದು ಬೇರೆ. ಹಿಂಡಿದ್ದರಲ್ಲಿ ಗಸಿ ಇರುತ್ತದೆ, ಎಲ್ಲಾದರೂ ನೀರಿನ ಪಸೆ ಉಳಿದಿದ್ದರೆ ಅದೂ ಅದರಲ್ಲೇ ಇರುತ್ತದೆ. ಅದನ್ನು ಆ ವಾರದಲ್ಲೇ ಕಾಲಿಗೆ ಹಚ್ಚಿ ಮುಗಿಸಿದೆವು. ತಾನಾಗಿ ಇಳಿದದ್ದನ್ನು ಒಂದು ರಾತ್ರಿ ಒಲೆ ಪಕ್ಕದ ಬೆಚ್ಚಗಿನ ಜಾಗದಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡೆ. 150 ಗ್ರಾಂ ಸಿಕ್ಕಿತು.

ಮುಲಾಮು

ಹಳೇ ಕಟ್ಟಳೆ ಒಂದು ಪಾಲು ಮೇಣಕ್ಕೆ ಐದಾರು ಪಾಲು ಎಣ್ಣೆ. ನನ್ನ ಲೆಕ್ಕ: ಎಣ್ಣೆ 150, ಮುರುಗಲು ತುಪ್ಪ 30, ಮೇಣ 25 ಗ್ರಾಂ. ಮೇಣ ಮೊದಲು ಕರಗಬೇಕು, ಅದಕ್ಕೇ ಬಿಸಿ ಜಾಸ್ತಿ ಬೇಕು. ಆಮೇಲೆ ಎಣ್ಣೆ. ತಣ್ಣಗಿನ ಎಣ್ಣೆ ಬಿದ್ದ ಕೂಡಲೇ ಮೇಣ ಗಂಟು ಕಟ್ಟುತ್ತದೆ, ಗಾಬರಿ ಬೇಡ, ಮತ್ತೆ ಕರಗುತ್ತದೆ. ಕೊನೆಗೆ ಮುರುಗಲು ತುಪ್ಪ.

ಗಟ್ಟಿತನ ನೋಡಲು ಒಂದು ಸ್ಟೀಲ್ ಚಮಚವನ್ನು ಫ್ರಿಜ್ಜಿನಲ್ಲಿಟ್ಟುಕೊಳ್ಳಿ. ಒಂದು ಹನಿ ಬಿಟ್ಟರೆ ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಚಮಚವನ್ನು ಹೊರಗಿಟ್ಟು ಚಳಿ ಬಿಟ್ಟ ಮೇಲೆ ಬೆರಳಿಂದ ಒತ್ತಿ. ಕುಸಿದು ಜಾರಿದರೆ ಮೇಣ ಸಾಲದು. ಉಗುರಿಗೂ ಬಗ್ಗದಿದ್ದರೆ ಎಣ್ಣೆ ಸಾಲದು. ನನ್ನ ಹನಿ ಸ್ವಲ್ಪ ಮೆದುವಿತ್ತು. ಇನ್ನೂ 5 ಗ್ರಾಂ ಮೇಣ ಸೇರಿಸಿದ ಮೇಲೆ ಒತ್ತಿದರೆ ನಿಲ್ಲುವ, ಉಜ್ಜಿದರೆ ಹರಡುವ ಹದಕ್ಕೆ ಬಂತು. ಇದು ಚಳಿಗಾಲದ ಹದ. ಇದನ್ನೇ ಏಪ್ರಿಲ್‌ನಲ್ಲಿ ಅರಸೀಕೆರೆಗೆ ಕಳಿಸಬೇಕಾದರೆ ಮೇಣ ಇನ್ನೂ ಏರಿಸಬೇಕು.

ವಿಟಮಿನ್ ಇ ಮಾತ್ರೆ ಒಡೆದು ಹಾಕುತ್ತಾರಲ್ಲ, ಅದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಎಣ್ಣೆ ಕಮಟಾಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಬೂಷ್ಟನ್ನು ತಡೆಯುವುದಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ. ನಾನು ಒಂದು ಹಾಕಿದೆ, ಒಲೆಯಿಂದ ಇಳಿಸಿದ ಮೇಲೆ.

ಡಬ್ಬಿಗಳನ್ನು ಕುದಿಸಿ, ಬಿಸಿಲಲ್ಲಿ ಬಾಯಿ ಮೇಲಾಗಿ ಒಣಗಿಸಿದ್ದೆ. ತಿರುಪಿನ ಸಂದಿಯಲ್ಲಿ ಹನಿ ಉಳಿದಿರುತ್ತದೆ, ಅಲ್ಲಿ ಬಟ್ಟೆ ತುದಿ ಆಡಿಸಿ ನೋಡಿ. ಸುರಿದ ಮೇಲೆ ಬೇಗ ತಣಿಯಲಿ ಅಂತ ಡಬ್ಬಿಗಳನ್ನು ತಣ್ಣೀರ ತಟ್ಟೆಯಲ್ಲಿಟ್ಟೆ. ಬೇರೆ ಬೇರೆ ಜಿಡ್ಡು ನಿಧಾನವಾಗಿ ಆರಿದರೆ ಒಂದೊಂದೂ ತನ್ನ ಹೊತ್ತಿಗೆ ಹೆಪ್ಪುಗಟ್ಟಿ ರವೆರವೆಯಾಗಬಹುದು. ಹಾಗಾದರೂ ಕೆಟ್ಟಿಲ್ಲ, ಕರಗಿಸಿ ಮತ್ತೆ ಹೊಯ್ದರೆ ಸರಿ. ಮುಚ್ಚಳವನ್ನು ಪೂರ್ತಿ ಆರಿದ ಮೇಲೇ ಹಾಕಿದೆ. ಬಿಸಿಯಲ್ಲಿ ಮುಚ್ಚಿದರೆ ಒಳಗೆ ಬೆವರುತ್ತದೆ, ಅಷ್ಟು ಹೊತ್ತು ಓಡಿಸಿದ ನೀರನ್ನು ನಾವೇ ಕರೆದು ಕೂರಿಸಿದ ಹಾಗೆ.

ಹಚ್ಚುವ ಕ್ರಮ ಮುಲಾಮಿನಷ್ಟೇ ಮುಖ್ಯ. ಒಣಗಿದ ಹಿಮ್ಮಡಿಗೆ ನೇರ ಹಚ್ಚಿದರೆ ಲಾಭ ಕಡಿಮೆ. ಮುಲಾಮು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹೊರಗೆ ಹೋಗದಂತೆ ತಡೆಯುತ್ತದೆ. ಆದ್ದರಿಂದ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ಪಾದ ನೆನೆಸಿ, ಸತ್ತ ಚರ್ಮವನ್ನು ಮೆತ್ತಗೆ ಉಜ್ಜಿ, ಒತ್ತಿ ಒರೆಸಿ, ಪಸೆ ಇರುವಾಗಲೇ ಹಚ್ಚಿ ಹಳೇ ಕಾಲುಚೀಲ ಹಾಕಬೇಕು. ನಮ್ಮ ಕುಯ್ಲಿನ ಹೆಂಗಸರಲ್ಲಿ ಹೀಗೆ ಮಾಡಿದವರ ಹಿಮ್ಮಡಿಗೂ ಬರೀ ಹಚ್ಚಿಕೊಂಡು ಹೋದವರ ಹಿಮ್ಮಡಿಗೂ ವ್ಯತ್ಯಾಸ ಕಣ್ಣಿಗೇ ಕಂಡಿತು. ಬಿರುಕು ಆಳವಾಗಿ ರಕ್ತ ಬರುತ್ತಿದ್ದರೆ, ಕೀವು ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಈ ಡಬ್ಬಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಇರುವವರಿಗೆ ಕಾಲಿನ ಸಣ್ಣ ಗಾಯವೂ ಸಣ್ಣದಲ್ಲ.

ಗರಿಕೆ ಎಣ್ಣೆ

ಇದು ಹಸಿ ಸೊಪ್ಪಿನ ಕೆಲಸ, ಅಂದರೆ ನೀರಿನ ಜೊತೆ ನೇರ ಜಗಳ. ಮೇ ಕೊನೆಯಲ್ಲಿ ಮಾಡಿದೆ. ಮುಂಗಾರಿಗೆ ಮುಂಚಿನ ಮಳೆಗೆ ಗರಿಕೆ ಚಿಗುರಿರುತ್ತದೆ. ಕೀಳುವ ಜಾಗ ನೋಡಿ ಕೀಳಬೇಕು. ಕಳೆನಾಶಕ ಹೊಡೆದ ತೋಟದಂಚು ಬೇಡ. ಕಾಫಿ, ಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿದ್ದರೆ ಅದರ ಕೆಳಗಿನ ಹುಲ್ಲಿನ ಮೇಲೂ ಮೈಲುತುತ್ತ ಬಿದ್ದಿರುತ್ತದೆ. ನಾನು ಹಿತ್ತಲಿನ ಬಾವಿಕಟ್ಟೆ ಪಕ್ಕದ್ದನ್ನೇ ಕಿತ್ತೆ.

ಆಯುರ್ವೇದದ ಅಳತೆ ಹೀಗೆ: ಅರೆದ ಮದ್ದು ಒಂದು ಪಾಲು, ಎಣ್ಣೆ ನಾಲ್ಕು ಪಾಲು, ರಸ ಹದಿನಾರು ಪಾಲು. ಕೇರಳದ ಕಡೆ ದೂರ್ವಾದಿ ಕೇರ ಅಂತ ಮಾಡುವುದು ಇದೇ ಗರಿಕೆ ರಸ, ಕೊಬ್ಬರಿ ಎಣ್ಣೆಯ ಜೋಡಿ, ಜೊತೆಗೆ ಜ್ಯೇಷ್ಠಮಧು. ನಾನು 250 ಮಿಲಿ ಎಣ್ಣೆಗೆ ಹೊರಟೆ. ಒಂದು ಲೀಟರ್ ರಸ ಬೇಕು. ಗರಿಕೆ ನಾರಿನ ಹುಲ್ಲು, ರಸ ಕಡಿಮೆ. ನೀರು ಚಿಮುಕಿಸಿ ಅರೆದು ಹಿಂಡಿಯೇ ಅಷ್ಟು ಮಾಡಿಕೊಂಡೆ. ಮಿಕ್ಸಿಗೆ ಹಾಕುವ ಮುಂಚೆ ಸಣ್ಣಗೆ ಹೆಚ್ಚಿ, ಇಲ್ಲದಿದ್ದರೆ ಬ್ಲೇಡಿಗೆ ದಾರದಂತೆ ಸುತ್ತಿಕೊಳ್ಳುತ್ತದೆ. ಜ್ಯೇಷ್ಠಮಧು ಅರೆದದ್ದು 60 ಗ್ರಾಂ.

ಅಗಲವಾದ ದಪ್ಪ ತಳದ ಬಾಣಲೆ, ಸಣ್ಣ ಉರಿ, ಮರದ ಸಟ್ಟುಗ. ರಸ, ಎಣ್ಣೆ, ಅರೆದ ಮದ್ದು ಮೂರೂ ಒಟ್ಟಿಗೆ. ಮೊದಮೊದಲು ಏನೂ ಆಗುವುದಿಲ್ಲ, ಸಾರು ಕುದಿದಂತೆ ಕುದಿಯುತ್ತದೆ. ರಸದಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಹೊತ್ತುವ ಭಯವಿಲ್ಲ, ತಾಳ್ಮೆ ಬೇಕು ಅಷ್ಟೇ. ನೀರು ಮುಗಿಯುತ್ತಾ ಬಂದಾಗ ಆಟ ಬದಲಾಗುತ್ತದೆ. ಬಿಸಿ ಸರ್ರನೆ ಏರುತ್ತದೆ, ಅರೆದ ಮದ್ದಿನ ಚರಟ ತಳ ಹಿಡಿದುಕೊಳ್ಳುತ್ತದೆ. ಈ ಹೊತ್ತಿನಲ್ಲಿ ಫೋನ್ ಬಂದರೆ ಎತ್ತಬೇಡಿ.

"ಎಣ್ಣೆ ಮಾತಾಡ್ತಾ ಇದ್ರೆ ಬಿಡು, ಮಾತು ನಿಲ್ಲಿಸಿದ್ ಕೂಡ್ಲೇ ಇಳಿಸು" ಅಂತ ಅತ್ತೆ ಪಕ್ಕದಲ್ಲೇ ಕೂತಿದ್ದರು. ಚಟಪಟ ನಿಂತರೆ ನೀರು ಮುಗಿದ ಹಾಗೆ. ಆದರೆ ಕಿವಿಯೊಂದನ್ನೇ ನಂಬದೆ ಇನ್ನೂ ನೋಡಿಕೊಳ್ಳಬಹುದು. ಚರಟವನ್ನು ಸ್ವಲ್ಪ ತೆಗೆದು ಆರಿಸಿ ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಮೆತ್ತಿಕೊಳ್ಳಬಾರದು. ಆ ಬತ್ತಿಯನ್ನು ಉರಿಗೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಎಣ್ಣೆಯ ಪಾಕ ಬಂದಾಗ ಮೇಲೆ ನೊರೆ ಏಳುತ್ತದೆ. ತುಪ್ಪದ ಪಾಕದಲ್ಲಿ ಉಲ್ಟಾ, ನೊರೆ ಅಡಗುತ್ತದೆ. ಬೆಣ್ಣೆ ಕಾಯಿಸಿ ಅಭ್ಯಾಸ ಇರುವ ನಮಗೆ ಇದು ಗೊಂದಲ ಮಾಡುವ ಜಾಗ. ನನ್ನ ಬಾಣಲೆಯಲ್ಲಿ ಸಣ್ಣ ನೊರೆ ಎದ್ದು, ಚರಟ ಬತ್ತಿಯಾಗಿ, ಉರಿಯಲ್ಲಿ ಸದ್ದಿಲ್ಲದೆ ಹೊತ್ತಿತು. ಇಳಿಸಿ ಬಿಸಿಯಲ್ಲೇ ಸೋಸಿದೆ. ಎಣ್ಣೆ ತಿಳಿ ಹಸಿರು.

ಕೆಸರುಹುಣ್ಣಿಗೆ ಎಣ್ಣೆಯೊಂದೇ ಸಾಲದು. ಗದ್ದೆಗೆ ಇಳಿಯುವ ಮುಂಚೆ ಬೆರಳ ಸಂದಿಗೆ ಎಣ್ಣೆ, ಬಂದ ಮೇಲೆ ತೊಳೆದು ಪೂರ್ತಿ ಒಣಗಿಸುವುದು, ಇದು ಮೊದಲ ಮದ್ದು. ಆಷಾಢದಲ್ಲಿ ಕಾಲಿಗೆ ಗೋರಂಟಿ ಮೆತ್ತುವ ಪದ್ಧತಿ ಸುಮ್ನೆ ಅಂದಕ್ಕೆ ಬಂದದ್ದಲ್ಲ, ಅದರ ಬಣ್ಣಕ್ಕೆ ಶಿಲೀಂಧ್ರ ತಡೆಯುವ ಗುಣವಿದೆ. ಗಿಡದ ಸೊಪ್ಪನ್ನೇ ಅರೆಯಿರಿ. ಅಂಗಡಿಯ ಕಪ್ಪು ಮೆಹಂದಿಯಲ್ಲಿ ಕೂದಲಿನ ಡೈ ರಾಸಾಯನಿಕ ಬೆರೆತಿರಬಹುದು, ಅದು ಚರ್ಮ ಸುಡುತ್ತದೆ.

ಮಾಡಿಡದೇ ಇರುವವು

ಲೋಳೆಸರದ ತಿರುಳು ಪೂರಾ ನೀರು. ಮಾಡಿಡುವ ಮಾತೇ ಇಲ್ಲ. ಎಲೆ ಕುಯ್ದು, ಬುಡ ಕೆಳಗಾಗಿ ನಿಲ್ಲಿಸಿ, ಹಳದಿ ಸೊನೆ ಇಳಿದುಹೋಗಲು ಬಿಟ್ಟು, ತೊಳೆದು, ತಿರುಳು ಹಚ್ಚಿ ಮುಗಿಸಿ. ಆ ಸೊನೆ ಕೆಲವರಿಗೆ ತುರಿಕೆ ತರುತ್ತದೆ. ನಿಂಬೆರಸ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಬೆಳ್ಳುಳ್ಳಿ ಜಜ್ಜಿ ಕಟ್ಟಿದರೆ ಬೊಬ್ಬೆ ಏಳುತ್ತದೆ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಪೆಟ್ಟು. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಂತಲ್ಲ, ತೋಟದಲ್ಲಿ ಹೊಳಗೇರು ಮರದ ಸುಡುವ ಸೊನೆ ತಾಗಿಸಿಕೊಂಡವರನ್ನು ಕೇಳಿ.

ನಮ್ಮ ಎರಡು ಮದ್ದನ್ನೂ ಹೊಸಬರಿಗೆ ಕೊಡುವ ಮುಂಚೆ ಮೊಣಕೈ ಒಳಬದಿಗೆ ಒಂದು ಚೂರು ಹಚ್ಚಿ ಒಂದೆರಡು ದಿನ ನೋಡಲು ಹೇಳುತ್ತೇನೆ. ಕೊಬ್ಬರಿ ಎಣ್ಣೆಯೂ ಒಗ್ಗದವರು ಇರುತ್ತಾರೆ. ಪಕ್ಕದ ಎಸ್ಟೇಟಿನವರು ಇದನ್ನು ಮಾರಬಹುದಲ್ವಾ ಅಂದರು. ಮದ್ದು ಅಂತ ಮಾರಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಲೈಸೆನ್ಸ್ ಬೇಕು. ನನಗೆ ಅಷ್ಟು ಪುರುಸೊತ್ತಿಲ್ಲ.

ಕೊನೆಯದಾಗಿ ಪಾತ್ರೆ. ಮೇಣದ ಪಾತ್ರೆಯನ್ನು ಸಿಂಕಿನಲ್ಲಿ ತೊಳೆಯಬೇಡಿ, ಪೈಪಿನಲ್ಲಿ ಆರಿ ಕೂತರೆ ತೆಗೆಯುವುದು ಕಷ್ಟ. ಬಿಸಿ ಇರುವಾಗಲೇ ಹಳೇ ಪೇಪರಿನಲ್ಲಿ ಒರೆಸಿ, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ಅಂಗಳದಲ್ಲಿ ಉಜ್ಜಿ. ಒರೆಸಿದ ಪೇಪರು, ಸೋಸಿದ ಚರಟ ಎರಡೂ ಹಂಡೆ ಒಲೆಗೆ ಹೋದವು. ಒದ್ದೆ ಸೌದೆಯೂ ಅದಕ್ಕೆ ಹತ್ತಿಕೊಂಡಿತು.